ಎದುರು ತೂಕದ ಮರಳು ಚೀಲ

ಆಲ್ದೂರಿನ ಪೇಟೆಯಲ್ಲಿ ನಮ್ಮದು ಕೆಳಗೆ ಅಂಗಡಿ, ಮೇಲೆ ಮನೆ. ನಡುವೆ ಒಂದು ಕಡಿದಾದ ಮೆಟ್ಟಿಲು. ಜಾಗ ಉಳಿಯಲಿ ಎಂದು ಅದನ್ನು ಅಷ್ಟು ಕಡಿದಾಗಿ ಕಟ್ಟಿಸಿದವನು ನಾನೇ. ಆಗ ನನಗೂ ನನ್ನ ಹೆಂಡತಿಗೂ ಮೊಣಕಾಲು ಎಂಬುದೊಂದು ಇದೆ ಎಂಬ ಯೋಚನೆಯೇ ಇರಲಿಲ್ಲ.

ಅಂಗಡಿಯಲ್ಲಿ ಅಕ್ಕಿ, ಬೇಳೆ, ಬೆಲ್ಲದ ಜೊತೆಗೆ ತೋಟಕ್ಕೆ ಬೇಕಾದದ್ದೂ ಸಿಗುತ್ತದೆ. ಕತ್ತಿ, ಹಗ್ಗ, ಗೋಣಿಚೀಲ, ಗಂಬೂಟು, ಕೊಡೆ, ಪ್ಲಾಸ್ಟಿಕ್ ಶೀಟು. ಸುಗ್ಗಿಯಲ್ಲಿ ಸಣ್ಣ ಬೆಳೆಗಾರರ ಕಾಫಿಯನ್ನೂ ಕೊಳ್ಳುತ್ತೇವೆ. ನನ್ನ ಕೆಲಸ ಸಾಮಾನು ಜೋಡಿಸುವುದು, ತೂಗುವುದು, ಮುಗಿದದ್ದನ್ನು ತರಿಸುವುದು. ಹಗ್ಗಗಳು ದಪ್ಪದ ಪ್ರಕಾರ, ಗಂಬೂಟುಗಳು ಅಳತೆಯ ಪ್ರಕಾರ. ಕಣ್ಣು ಮುಚ್ಚಿಕೊಂಡು ಕೈ ಹಾಕಿದರೂ ಬೇಕಾದದ್ದು ಸಿಗಬೇಕು. ಬಯಲುಸೀಮೆಯ ಮಠದ ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು, ಗಂಟೆ ಹೊಡೆದಾಗ ಮಲಗಿ ಬೆಳೆದವನು ನಾನು. ಆ ಗಂಟೆ ಈಗಲೂ ನನ್ನ ತಲೆಯೊಳಗೆ ಹೊಡೆಯುತ್ತದೆ.

ನನ್ನ ಹೆಂಡತಿ ಕೂರುವುದು ಗಲ್ಲಾದ ಹಿಂದೆ. ಅವಳ ಕೆಲಸ ಮಾತು. ತೋಟದ ಲೆಕ್ಕ ಬರೆಯುವ ರೈಟರ್ ಒಂದು ಹಗ್ಗ ಕೇಳಿದರೆ, ಅವನ ಮಗಳ ಬಾಣಂತನದಿಂದ ಹಿಡಿದು ಮೇಸ್ತ್ರಿಯ ಕುರಿಯ ತನಕ ವಿಚಾರಿಸಿ, ಹಗ್ಗದ ಜೊತೆಗೆ ಬಾಣಂತಿಗೆ ಬೆಲ್ಲ, ಕುರಿಗೆ ಉಪ್ಪು ಕಟ್ಟಿಸಿಯೇ ಕಳಿಸುತ್ತಿದ್ದಳು. ಕೊಂಡವನಿಗೂ ತಾನು ಕೊಂಡೆ ಎಂದು ಅನ್ನಿಸುತ್ತಿರಲಿಲ್ಲ, ಯಾರದೋ ಮನೆಗೆ ಹೋಗಿ ಬಂದೆ ಎನ್ನಿಸುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಅವಳ ಮೊಣಕಾಲು ಕೈಕೊಟ್ಟಿತು. ಸಮತಟ್ಟಿನಲ್ಲಿ ಕೋಲು ಹಿಡಿದು ನಡೆಯುತ್ತಾಳೆ. ಮೆಟ್ಟಿಲು ಮಾತ್ರ ಸಾಧ್ಯವಿಲ್ಲ. ಚಿಕ್ಕಮಗಳೂರಿನ ಡಾಕ್ಟರು ಹೃದಯ ಪರೀಕ್ಷೆ ಮಾಡಿ, ಆಪರೇಷನ್ ಬೇಡ, ಮೆಟ್ಟಿಲು ಬಿಟ್ಟುಬಿಡಿ ಅಂದರು. ಅವತ್ತು ಇಬ್ಬರು ಹಿಡಿದು ಇಳಿಸಿ ಕರೆದುಕೊಂಡು ಹೋಗಿದ್ದೆವು, ಇಬ್ಬರು ಹಿಡಿದು ಹತ್ತಿಸಿದೆವು. ಹತ್ತಿಸಿದ ಮೇಲೆ ಅವಳು ಕುರ್ಚಿಯಲ್ಲಿ ಕೂತು ಹೇಳಿದಳು: "ಇನ್ನು ನನ್ನನ್ನ ಹೀಗೆ ಮೂಟೆ ಹೊತ್ತ ಹಾಗೆ ಹೊರಬೇಡಿ. ಬೀದಿಯವರೆಲ್ಲ ನೋಡ್ತಾರೆ."

ಗಲ್ಲಾದ ಹಿಂದೆ ನಾನು ಕೂತೆ. ಗಿರಾಕಿಗಳು ಬಂದರು. "ಅಮ್ಮಾರಿಲ್ವಾ?" ಎಂದು ಕೇಳಿದರು. "ಮೇಲಿದ್ದಾರೆ" ಎಂದೆ. ಅವರು ಸುಮ್ಮನೆ ನಿಂತರು. ನಾನೂ ಸುಮ್ಮನೆ ನಿಂತೆ. ಕೇಳಿದ್ದನ್ನು ಕೊಟ್ಟೆ, ತೆಗೆದುಕೊಂಡು ಹೋದರು. ಹಗ್ಗ ಕೇಳಿದವನು ಹಗ್ಗ ಮಾತ್ರ ಒಯ್ದ. ಅಂಗಡಿ ಎಂದೂ ಇಲ್ಲದಷ್ಟು ಅಚ್ಚುಕಟ್ಟಾಗಿತ್ತು, ಯಾಕೆಂದರೆ ಯಾರೂ ಏನನ್ನೂ ಮುಟ್ಟುತ್ತಿರಲಿಲ್ಲ.

ಮೂಡಿಗೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಯುವಕ ಬೇಸಿಗೆಯ ಕೊನೆಗೆ ಬಂದ. ಆಲ್ದೂರಿನಲ್ಲೂ ಒಂದು ಅಂಗಡಿ ತೆರೆಯಬೇಕು, ನಿಮ್ಮ ಜಾಗ ಬಾಡಿಗೆಗೆ ಕೊಡಿ ಎಂದ. ಒಳ್ಳೆಯ ಹುಡುಗ, ವಿನಯವಾಗಿ ಮಾತಾಡಿದ. ನಾನು ಮೇಲೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಬದನೆಕಾಯಿ ಹೆಚ್ಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಕೊಡಿ" ಎಂದಳು. "ನೀವು ಒಬ್ಬರೇ ಅಲ್ಲಿ ಮ್ಯೂಸಿಯಂ ಕಾಯ್ದ ಹಾಗೆ ಕೂರೋದು ನೋಡೋಕೆ ಆಗ್ತಿಲ್ಲ."

"ನೀನು ನೋಡ್ತಿಲ್ವಲ್ಲ, ಮೇಲಿದ್ದೀಯ."

"ಸದ್ದೇ ಇಲ್ವಲ್ಲ. ಅದೇ ಕೇಳಿಸ್ತದೆ." ಬದನೆಕಾಯಿ ನೀರಿಗೆ ಹಾಕಿದಳು. "ಆದ್ರೆ ಈಗಲೇ ಮಾತು ಕೊಡಬೇಡಿ. ಆಷಾಢದಲ್ಲಿ ಅವನೂ ಹೊಸ ಅಂಗಡಿ ಶುರು ಮಾಡಲ್ಲ. ಶ್ರಾವಣದ ಮೊದಲ ಸೋಮವಾರ ಬರಲಿ. ಅವತ್ತಿನೊಳಗೆ ನಾನು ನನ್ನಷ್ಟಕ್ಕೆ ಕೆಳಗೆ ಇಳಿದು ಗಲ್ಲಾದಲ್ಲಿ ಕೂತರೆ ಅಂಗಡಿ ನಮ್ಮದು. ಇಲ್ಲದಿದ್ರೆ ಅವನದು. ಆಮೇಲೆ ನನ್ನನ್ನ ಕೇಳಬೇಡಿ."

ಅವಳು ಮಾತಾಡುವುದು ಜಾಸ್ತಿ, ಆದರೆ ಮಾತು ಬದಲಿಸುವುದಿಲ್ಲ. ಆ ಹುಡುಗನಿಗೆ ಹಾಗೆಯೇ ಹೇಳಿ ಕಳಿಸಿದೆ.

ನನಗೆ ದಾರಿ ಹೊಳೆದದ್ದು ಡಾಕ್ಟರಲ್ಲಿಗೆ ಹೋದ ದಿನದ ಒಂದು ನೆನಪಿನಿಂದ. ಅವತ್ತು ಹಿಂದಿರುಗುವಾಗ ಚಿಕ್ಕಮಗಳೂರಿನ ಒಂದು ದೊಡ್ಡ ಬಟ್ಟೆ ಅಂಗಡಿಗೆ ಹೋಗಿದ್ದೆವು. ಸೀರೆಗಳು ಮೇಲಿನ ಮಹಡಿಯಲ್ಲಿ. ಗಾಜಿನ ಲಿಫ್ಟು ಇತ್ತು. ನನ್ನ ಹೆಂಡತಿ ಅದರಲ್ಲಿ ಮೇಲೆ ಹೋದಳು, ನಾನು ಕೆಳಗೆ ನಿಂತು ನೋಡಿದೆ. ಅವಳು ಮೇಲೆ ಹೋಗುತ್ತಿದ್ದಂತೆ ಲಿಫ್ಟಿನ ಹಿಂಬದಿಯಲ್ಲಿ ಕಬ್ಬಿಣದ ಪಟ್ಟಿಗಳ ಒಂದು ಕಟ್ಟು ಸದ್ದಿಲ್ಲದೆ ಕೆಳಗೆ ಇಳಿಯಿತು. ಅವಳು ಸೀರೆ ನೋಡಿ ಕೆಳಗೆ ಬಂದಾಗ ಆ ಕಟ್ಟು ಮೇಲೆ ಹೋಯಿತು. ಅವಳು ಸೀರೆ ತೆಗೆದುಕೊಳ್ಳಲಿಲ್ಲ. ನಾನು ಮಾತ್ರ ಆ ಕಟ್ಟನ್ನು ತಲೆಯಲ್ಲಿ ತುಂಬಿಕೊಂಡು ಬಂದೆ.

ಲಿಫ್ಟು ನೋಡಿಕೊಳ್ಳುವವನನ್ನು ಕೇಳಿದ್ದೆ. ಅವನು ಹೇಳಿದ್ದು ಇಷ್ಟು: ಹಗ್ಗದ ಒಂದು ತುದಿಗೆ ಜನ ಕೂರುವ ಪೆಟ್ಟಿಗೆ, ಇನ್ನೊಂದು ತುದಿಗೆ ಎದುರು ತೂಕ, ಮೇಲೆ ರಾಟೆ. ಎದುರು ತೂಕ ಇಲ್ಲದಿದ್ದರೆ ಮೋಟಾರು ಪೆಟ್ಟಿಗೆಯನ್ನೂ ಜನರನ್ನೂ ಪೂರ್ತಿ ಎತ್ತಬೇಕು. ಎದುರು ತೂಕ ಇದ್ದರೆ ಎರಡು ಕಡೆಯ ವ್ಯತ್ಯಾಸವನ್ನಷ್ಟೇ ಎತ್ತಿದರೆ ಸಾಕು. ಪೇಟೆಯ ಲಿಫ್ಟುಗಳಲ್ಲಿ ಒಮ್ಮೆ ಒಬ್ಬ ಇರುತ್ತಾನೆ, ಒಮ್ಮೆ ಪೂರ್ತಿ ಜನ ತುಂಬಿರುತ್ತಾರೆ. ಹಾಗಾಗಿ ಪೆಟ್ಟಿಗೆಯ ತೂಕಕ್ಕೆ ಜನರ ಅರ್ಧ ತೂಕ ಸೇರಿಸಿ ಇಡುತ್ತಾರಂತೆ. ಖಾಲಿ ಇದ್ದರೂ ತುಂಬಿದ್ದರೂ ವ್ಯತ್ಯಾಸ ಅರ್ಧಕ್ಕಿಂತ ಹೆಚ್ಚಾಗುವುದಿಲ್ಲ.

ಅವನು ಹೇಳುತ್ತಿದ್ದಾಗ ನನಗೆ ಹಾಸ್ಟೆಲಿನ ಬಾವಿ ಕಂಡಿತು. ಅಲ್ಲಿ ಏತ ಇತ್ತು. ಕಂಬದ ಮೇಲೆ ಅಡ್ಡ ಹಾಕಿದ ಉದ್ದನೆಯ ಮರ, ಒಂದು ತುದಿಗೆ ನೀರಿನ ಬಾನಿ, ಇನ್ನೊಂದು ತುದಿಗೆ ಕಟ್ಟಿದ ಗುಂಡುಕಲ್ಲು. ಸೂರ್ಯ ಹುಟ್ಟುವ ಮೊದಲು ಸರದಿಯ ಪ್ರಕಾರ ನೀರು ಎತ್ತಬೇಕು. ಮೊದಲ ದಿನ ನಾನು ತುಂಬಿದ ಬಾನಿಯನ್ನು ತೋಳಿನಿಂದ ಎಳೆಯಲು ಒದ್ದಾಡುತ್ತಿದ್ದೆ. ವಾರ್ಡನ್ ಬಂದು ಬೆನ್ನಿಗೊಂದು ತಟ್ಟಿ, "ಎತ್ತೋದು ನಿನ್ನ ಕೆಲಸ ಅಲ್ಲ, ಕಲ್ಲಿನ ಕೆಲಸ. ಖಾಲಿ ಬಾನಿ ಕೆಳಗೆ ತಳ್ಳೋದು ನಿನ್ನ ಕೆಲಸ" ಎಂದರು. ಹಾಗೆ ಮಾಡಿದೆ. ಖಾಲಿ ಬಾನಿಯನ್ನು ಮೈಭಾರ ಬಿಟ್ಟು ಕೆಳಗೆ ಇಳಿಸಿದಾಗ ಕಲ್ಲು ಮೇಲೇರಿತು. ಬಾನಿ ತುಂಬಿದ ಮೇಲೆ ಕೈ ಸಡಿಲ ಬಿಟ್ಟರೆ ಕಲ್ಲು ಇಳಿಯಿತು, ನೀರು ತಾನಾಗಿ ಬಂತು. ಆವತ್ತಿನಿಂದ ಆ ಸರದಿ ನನಗೆ ಆಟವಾಯಿತು.

ನಮ್ಮ ಮನೆಯ ಲೆಕ್ಕ ಪೇಟೆಯ ಲಿಫ್ಟಿಗಿಂತ ಸುಲಭ. ಕೂರುವವಳು ಒಬ್ಬಳೇ, ಯಾವಾಗಲೂ ಅವಳೇ. ಅರ್ಧ ಗಿರ್ಧ ಬೇಕಿಲ್ಲ. ಪೆಟ್ಟಿಗೆಯ ತೂಕ, ಅವಳ ಪೂರ್ತಿ ತೂಕ, ಎರಡನ್ನೂ ಕೂಡಿಸಿ ಎದುರಿಗೆ ಇಟ್ಟರೆ ತಕ್ಕಡಿ ಸಮ. ಆಮೇಲೆ ಉಳಿಯುವುದು ರಾಟೆಯ ಉಜ್ಜಾಟ ಮಾತ್ರ. ಕೂತಲ್ಲೇ ಒಂದು ಹಗ್ಗ ಎಳೆದರೆ ಅವಳೇ ಇಳಿಯಬಹುದು, ಅವಳೇ ಹತ್ತಬಹುದು. ಕರೆಂಟೂ ಬೇಡ. ನಮ್ಮಲ್ಲಿ ಮಳೆ ಹಿಡಿದರೆ ಕರೆಂಟು ಹೋದದ್ದು ಯಾವಾಗ ಬರುತ್ತದೆಂದು ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ಅವಳನ್ನು ಅರ್ಧ ದಾರಿಯಲ್ಲಿ ನೇತುಹಾಕಿ ಕೂರುವ ಯಂತ್ರ ನನಗೆ ಬೇಡವಾಗಿತ್ತು.

ಬಣಕಲ್‌ನಲ್ಲಿ ನನಗೆ ಪರಿಚಯದ ವೆಲ್ಡಿಂಗ್‌ನವನಿದ್ದಾನೆ. ತೋಟಗಳಲ್ಲಿ ಕಾಫಿ ಮೂಟೆ ಎತ್ತುವ ರಾಟೆಗಳನ್ನು ಮಾಡಿಕೊಟ್ಟವನು. ಅವನನ್ನು ಕರೆಸಿ ಮನೆಯ ಹಿಂಗೋಡೆ ತೋರಿಸಿದೆ. ಮೇಲೆ ಅಡುಗೆಮನೆಯ ಪಕ್ಕದ ಜಗಲಿಯಿಂದ ಕೆಳಗೆ ಅಂಗಡಿಯ ಹಿಂಬಾಗಿಲಿಗೆ ನೇರ ಇಳಿಯಬಹುದು. ಅವನು ತಲೆ ಎತ್ತಿ ನೋಡಿದ, ತಲೆ ಕೆರೆದುಕೊಂಡ.

"ಯಜಮಾನ್ರೆ, ಮೂಟೆ ಬೇರೆ, ಅಮ್ಮಾರು ಬೇರೆ."

"ಅದಕ್ಕೇ ನಿನ್ನ ಕರೆಸಿದ್ದು ಮಾರಾಯ. ಎಲ್ಲವೂ ಎರಡೆರಡು ಇರಲಿ. ಹಗ್ಗ ಎರಡು, ಅಗಳಿ ಎರಡು, ಬ್ರೇಕು ಎರಡು."

"ಅಮ್ಮಾರೂ ಎರಡು ಆಗ್ತಾರಾ?"

ಮೇಲಿನಿಂದ ನನ್ನ ಹೆಂಡತಿಯ ಧ್ವನಿ ಬಂತು: "ಒಬ್ಬಳನ್ನೇ ಇಳಿಸೋಕೆ ಆಗ್ತಿಲ್ಲ, ಇನ್ನೊಬ್ಬಳು ಯಾಕೆ?"

ಅವನು ಕೆಲಸ ಶುರು ಮಾಡಿದ. ಕಬ್ಬಿಣದ ಕಂಬಿಗಳು ನಿಂತವು, ರಾಟೆಗಳು ಕೂತವು. ಪೆಟ್ಟಿಗೆಗೆ ಕುರ್ಚಿ ಬಿಗಿದು, ಪಕ್ಕದಲ್ಲಿ ಒಂದು ಸ್ಟೂಲು ಬಿಗಿದು, ಸುತ್ತ ಜಾಲರಿ ಹಾಕಿ, ಮೇಲೆ ತಗಡು ಹೊದಿಸಿದ. ನನ್ನ ಹೆಂಡತಿ ಅದಕ್ಕೆ ತೊಟ್ಟಿಲು ಎಂದು ಹೆಸರಿಟ್ಟಳು. ಕೆಲಸ ಮುಗಿಯುವ ಹಂತಕ್ಕೆ ಬಂದಾಗ ಅವನು ಕೇಳಿದ: "ಈಗ ಹೇಳಿ, ಅಮ್ಮಾರ ತೂಕ ಎಷ್ಟು?"

ನಾನು ಮೇಲೆ ಹೋಗಿ ಕೇಳಿದೆ.

"ಇಷ್ಟು ವರ್ಷ ಸಕ್ಕರೆ ತೂಗಿದ್ದೀರಿ. ಅಂದಾಜು ಮಾಡಿ" ಎಂದಳು.

ಅಂದಾಜು ಹೇಳಿದೆ. ಅವಳು ಆ ಸಂಜೆ ನನ್ನ ಜೊತೆ ಮಾತಾಡಲಿಲ್ಲ.

ಮರುದಿನ ಅವಳೇ ಒಂದು ಏರ್ಪಾಡು ಮಾಡಿದಳು. ಅಂಗಡಿಯ ತಕ್ಕಡಿಯಲ್ಲಿ ಅವಳು ನಿಲ್ಲುವುದಿಲ್ಲ. ಸಾಮಾನಿನ ಹಾಗೆ ಮನುಷ್ಯರನ್ನು ತೂಗಬಾರದು. ಮನುಷ್ಯರನ್ನು ತೂಗುವುದು ತುಲಾಭಾರದಲ್ಲಿ ಮಾತ್ರ. ಆದ್ದರಿಂದ ತೊಟ್ಟಿಲೇ ತುಲಾಭಾರದ ತಟ್ಟೆ. ಅವಳು ಕೂರುತ್ತಾಳೆ, ನಾವು ಎದುರಿಗೆ ಭಾರ ಹಾಕುತ್ತಾ ಹೋಗಬೇಕು, ಸಮ ಆದಾಗ ನಿಲ್ಲಿಸಬೇಕು. ಅವಳು ಸುಖವಾಗಿ ಇಳಿದು ಗಲ್ಲಾದಲ್ಲಿ ಕೂತ ಮೇಲೆ ಅಷ್ಟೇ ತೂಕದ ಅಕ್ಕಿ ಕಳಸದ ದೇವಸ್ಥಾನಕ್ಕೆ.

ಎದುರಿಗೆ ಏನು ಹಾಕುವುದು? ವೆಲ್ಡಿಂಗ್‌ನವನ ಕಣ್ಣು ನಮ್ಮ ಅಂಗಡಿಯ ಮೂಲೆಯ ಕಪಾಟಿನ ಮೇಲೆ ಬಿತ್ತು. ಅಲ್ಲಿ ನಮ್ಮ ಹಳೆಯ ಕಬ್ಬಿಣದ ತೂಕದ ಬಟ್ಟುಗಳಿವೆ, ಮೂಟೆ ತೂಗುವ ದೊಡ್ಡವೂ ಸೇರಿ. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಅವಕ್ಕೆ ಕೆಲಸವಿಲ್ಲ. ನಾನು ಪ್ರತಿ ಶುಕ್ರವಾರ ಅವನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ, ದೊಡ್ಡದರಿಂದ ಚಿಕ್ಕದರ ತನಕ ಸಾಲಾಗಿ ಇಡುತ್ತೇನೆ. ದೀಪಾವಳಿಯ ಅಂಗಡಿ ಪೂಜೆಯಲ್ಲಿ ವಿಭೂತಿ ಹಚ್ಚಿ, ಹೂ ಇಟ್ಟು ಮೊದಲು ಪೂಜಿಸುವುದು ಅವನ್ನೇ. ಅಪ್ಪನ ಕಾಲದಿಂದ ಅನ್ನ ಕೊಟ್ಟ ಬಟ್ಟುಗಳು. ಅವನ್ನು ಹಿತ್ತಿಲ ಗೋಡೆಗೆ ನೇತುಹಾಕುವ ಮಾತು ನನಗೆ ಕೇಳಲೇ ಆಗಲಿಲ್ಲ.

"ಅದನ್ನ ಮುಟ್ಟಬೇಡ" ಎಂದೆ. "ಮರಳು ಹಾಕೋಣ."

ಮರಳಿನ ವಿಷಯದಲ್ಲಿ ನಾನು ಯಾವ ಕೊರತೆಯನ್ನೂ ಮಾಡಲಿಲ್ಲ. ಹೊಳೆಯ ಮರಳು ತರಿಸಿ, ಜರಡಿ ಹಿಡಿದು, ತಾರಸಿಯ ಮೇಲೆ ಬಿಸಿಲಿಗೆ ಹರವಿ, ಕಾಫಿ ಒಣಗಿಸುವ ಹಾಗೆ ದಿನಾ ಕಾಲಾಡಿಸಿ ಒಣಗಿಸಿದೆ. ಕೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಸಕ್ಕರೆಯ ಹಾಗೆ ಸುರಿಯಬೇಕು, ಅಷ್ಟು. ಹೊಸ ಗೋಣಿಚೀಲಗಳಲ್ಲಿ ತುಂಬಿ, ಪ್ರತಿ ಚೀಲವನ್ನೂ ತೂಗಿ, ಬಾಯಿ ಹೊಲಿದೆ. ವೆಲ್ಡಿಂಗ್‌ನವನು ನೋಡಿ, "ಯಜಮಾನ್ರೆ, ಇದನ್ನ ಮಾರಬಹುದಿತ್ತು" ಎಂದ.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ತೂಕ ಹೊಂದಿಸಿದೆವು. ಆ ವರ್ಷ ಮಳೆ ತಡವಾಗಿತ್ತು, ಅಂದು ಒಳ್ಳೆ ಬಿಸಿಲು. ತೊಟ್ಟಿಲು ಮೇಲೆ ಜಗಲಿಯ ಮಟ್ಟದಲ್ಲಿ ಅಗಳಿ ಹಾಕಿ ನಿಂತಿತ್ತು. ನನ್ನ ಹೆಂಡತಿ ಒಳಗೆ ಕೂತಳು. ಕೆಳಗೆ ಎದುರು ತೂಕದ ಚೌಕಟ್ಟಿನಲ್ಲಿ ವೆಲ್ಡಿಂಗ್‌ನವನು ಚೀಲ ಇಡುತ್ತಾ ಬಂದ. ಕೊನೆಗೆ ಬೊಗಸೆಯಲ್ಲಿ ಮರಳು ಹಾಕಿದ. ಬಿಗಿಯಾಗಿ ಕೂತಿದ್ದ ಅಗಳಿ ನನ್ನ ಬೆರಳಿಗೆ ಸಡಿಲವಾಗಿ ಬಂತು. ತೊಟ್ಟಿಲು ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ, ಗಾಳಿಯಲ್ಲಿ ನಿಂತಿತು. ಹೆಂಡತಿ ಹಗ್ಗವನ್ನು ಎರಡು ಬೆರಳಲ್ಲಿ ಎಳೆದಳು. ಒಂದು ಗೇಣು ಇಳಿಯಿತು. ಮತ್ತೆ ಎಳೆದಳು, ಒಂದು ಗೇಣು ಏರಿತು. ಚಿಕ್ಕ ಮಗುವಿನ ಹಾಗೆ ನಕ್ಕಳು.

ಎಷ್ಟು ಚೀಲ, ಎಷ್ಟು ತೂಕ ಎಂದು ನನಗೆ ಗೊತ್ತು. ಇಲ್ಲಿ ಬರೆಯುವ ಹಾಗಿಲ್ಲ. ಇದನ್ನು ಅವಳೂ ಓದುತ್ತಾಳೆ.

"ಇಳಿದೇ ಬಿಡು" ಎಂದೆ.

"ಅಮಾವಾಸ್ಯೆ ದಿನ ಕೂತು ನೋಡೋದು ಸರಿ. ಪ್ರಯಾಣ ಬೇಡ."

"ನಾಳೆ?"

"ನಾಳೆಯಿಂದ ಆಷಾಢ. ಹೊಸ ಗಾಡಿ ಹತ್ತೋರು ಯಾರಾದ್ರೂ ಇದ್ದಾರಾ?" ಎಂದು ಕೋಲು ಊರಿಕೊಂಡು ಒಳಗೆ ಹೋದಳು.

ಮೂವರಿಗೂ ಅದು ಸರಿ ಎನಿಸಿತು. ಚೀಲಗಳು ಅಲುಗಾಡದಿರಲಿ ಎಂದು ವೆಲ್ಡಿಂಗ್‌ನವನು ಅವುಗಳ ಮೇಲೆ ಅಡ್ಡ ಪಟ್ಟಿ ಇಟ್ಟು ನಾಲ್ಕೂ ಮೂಲೆಗೆ ವೆಲ್ಡ್ ಹೊಡೆದ. "ಇನ್ನು ಭೂಕಂಪ ಆದ್ರೂ ಬೀಳಲ್ಲ" ಎಂದು ಬಣಕಲ್ ಬಸ್ಸು ಹತ್ತಿದ.

ಮಾರನೇ ದಿನವೇ ಮಳೆ ಹಿಡಿಯಿತು. ತಡವಾಗಿ ಬಂದ ಮಳೆ ಬಾಕಿಯನ್ನೆಲ್ಲ ಸೇರಿಸಿಕೊಂಡೇ ಬಂತು. ನಾನು ನನ್ನ ಕ್ರಮ ತಪ್ಪಿಸಲಿಲ್ಲ. ಪ್ರತಿ ಶುಕ್ರವಾರ ಬಟ್ಟುಗಳಿಗೆ ಎಣ್ಣೆ ಹಚ್ಚಿದ ಮೇಲೆ ಮೇಲೆ ಹೋಗಿ ರಾಟೆಗೂ ಗ್ರೀಸು ಹಚ್ಚಿದೆ, ಹಗ್ಗ ಒರೆಸಿದೆ, ಅಗಳಿಗಳನ್ನು ತೆಗೆದು ಹಾಕಿ ನೋಡಿದೆ. ಖಾಲಿ ತೊಟ್ಟಿಲು ಹಗುರ, ಎದುರು ತೂಕ ಭಾರ. ಹಾಗಾಗಿ ತೊಟ್ಟಿಲು ಮೇಲೆಯೇ ನಿಂತಿತ್ತು, ಚೀಲಗಳು ಕೆಳಗೆ ನೆಲದ ಹತ್ತಿರ, ತಗಡಿನ ಅಂಚಿನ ಹನಿ ಬೀಳುವ ಜಾಗದಲ್ಲೇ ಕೂತಿದ್ದವು. ಇರಬೇಕಾದ್ದೇ ಹಾಗೆ. ನಾನು ಮೇಲೆ ತೊಟ್ಟಿಲು ನಿಂತದ್ದನ್ನಷ್ಟೇ ನೋಡಿ ಸರಿಯಿದೆ ಎಂದುಕೊಳ್ಳುತ್ತಿದ್ದೆ.

ಶ್ರಾವಣದ ಮೊದಲ ಸೋಮವಾರ ಬಂತು. ಮಳೆ ಬಿಟ್ಟಿರಲಿಲ್ಲ. ಹಿಂದಿನ ದಿನದಿಂದ ಕರೆಂಟು ಇರಲಿಲ್ಲ. ಅದಕ್ಕೆ ನಾನು ಒಳಗೊಳಗೇ ಖುಷಿಪಟ್ಟೆ. ಕರೆಂಟಿನ ಲಿಫ್ಟು ಹಾಕಿಸಿದ್ದರೆ ಏನಾಗುತ್ತಿತ್ತು ನೋಡಿ ಎಂದು ಹೇಳಿಕೊಳ್ಳಲು ಒಂದು ಅವಕಾಶ. ಹೆಂಡತಿ ಸ್ನಾನ, ಲಿಂಗಪೂಜೆ ಮುಗಿಸಿ, ಹೊಸ ಸೀರೆ ಉಟ್ಟು, ಗಲ್ಲಾದ ಬೀಗದಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ವೆಲ್ಡಿಂಗ್‌ನವನು ಬಣಕಲ್‌ನಿಂದ ಬಂದು ಕೆಳಗೆ ಹಗ್ಗದ ಹತ್ತಿರ ನಿಂತ. ಹೇಳಿದ ಹೊತ್ತಿಗೆ ಸರಿಯಾಗಿ ಮೊಬೈಲ್ ಅಂಗಡಿಯ ಹುಡುಗನೂ ಬಂದ. ನಾನು ಅವನನ್ನು ಹಿಂಬಾಗಿಲಿನಲ್ಲಿ ನಿಲ್ಲಿಸಿ ಮೇಲೆ ಓಡಿದೆ.

ತೊಟ್ಟಿಲಿಗೆ ಹೂವಿನ ಹಾರ ಹಾಕಿದ್ದಾಯಿತು. ಅವಳು ಕೂತಳು. ಅಗಳಿ ತೆಗೆದೆ. ಬೆರಳಿಗೆ ಸಡಿಲವಾಗಿ ಬರಬೇಕಾಗಿದ್ದ ಅಗಳಿ ಬಿಗಿಯಾಗಿ ಬಂತು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಅವಳು ಎರಡು ಬೆರಳಿನಿಂದ ಹಗ್ಗ ಎಳೆದಳು.

ತೊಟ್ಟಿಲು ಮಿಸುಕಲಿಲ್ಲ.

ಕೈಯಿಂದ ಎಳೆದಳು. ಎರಡೂ ಕೈಯಿಂದ ಎಳೆದಳು. ಕೆಳಗಿನಿಂದ ವೆಲ್ಡಿಂಗ್‌ನವನೂ ಒಂದು ಸಲ ಜಗ್ಗಿದ. ಒಂದು ಅಂಗುಲ ಇಳಿಯಿತು, ಅವನು ಉಸಿರು ಬಿಟ್ಟ ಕೂಡಲೇ ಮೇಲಕ್ಕೆ ಹೋಗಿ ಟಕ್ ಎಂದು ಕೂತಿತು.

"ಏನಾಯ್ತು?" ಎಂದೆ.

"ತಡೀರಿ." ಅವನು ಚೀಲಗಳ ಹತ್ತಿರ ಹೋದ. ಆಮೇಲೆ ಅವನ ನಗು ಕೇಳಿತು. "ಯಜಮಾನ್ರೆ, ನಿಮ್ಮ ಚೀಲದ ಮೇಲೆ ಹುಲ್ಲು ಹುಟ್ಟಿದೆ!"

ನಾನು ಜಗಲಿಯಿಂದ ಬಗ್ಗಿ ನೋಡಿದೆ. ಗೋಣಿಚೀಲಗಳು ಕಪ್ಪಾಗಿ ಉಬ್ಬಿ ಕೂತಿದ್ದವು. ಒಂದರ ಮೇಲೆ ಹಸಿರು ಪಾಚಿ, ಇನ್ನೊಂದರ ಹೊಲಿಗೆಯಲ್ಲಿ ನಿಜಕ್ಕೂ ಹುಲ್ಲಿನ ಚಿಗುರು. ಅವನು ಒಂದನ್ನು ಒತ್ತಿದ, ನೀರು ಒಸರಿತು. ಆಷಾಢ ಪೂರ್ತಿ ಆ ಒಣ ಮರಳು ಕೂತಲ್ಲೇ ಮಳೆ ಕುಡಿದಿತ್ತು.

"ಅಲ್ಲ ಯಜಮಾನ್ರೆ," ಅವನು ಕೆಳಗಿನಿಂದ ಕೂಗಿದ, "ಸಣ್ಣ ಬೆಳೆಗಾರರು ಕಾಫಿ ತಂದ್ರೆ ಒಂದು ಹಿಡಿ ಕೈಗೆ ತಗೊಂಡು, ತೇವ ಇದೆ, ತೂಕ ಹಿಡೀತದೆ, ಇನ್ನೆರಡು ದಿನ ಒಣಗಿಸಿಕೊಂಡು ಬಾ ಅಂತೀರಲ್ಲ. ಮರಳಿಗೆ ಮಾತ್ರ ತೇವ ಹಿಡಿಯಲ್ವಾ?"

"ನೀನು ವೆಲ್ಡ್ ಹೊಡೆಯುವಾಗ ಹೇಳಬೇಕಿತ್ತು ಮಾರಾಯ!"

"ನನಗೂ ಈಗಲೇ ಗೊತ್ತಾಗಿದ್ದು!"

ಒಂದು ಚೀಲ ತೆಗೆದುಬಿಡು ಎಂದೆ. ಪಟ್ಟಿ ವೆಲ್ಡ್ ಆಗಿದೆ, ಕತ್ತರಿಸಲು ಯಂತ್ರ ಓಡಬೇಕು, ಕರೆಂಟಿಲ್ಲ ಎಂದ. ಚೀಲ ಹರಿದು ಮರಳು ಸುರಿಸು ಎಂದೆ. ಎಷ್ಟು ಸುರಿಸಬೇಕೆಂದು ಯಾರಿಗೆ ಗೊತ್ತು, ಜಾಸ್ತಿ ಸುರಿದರೆ ಅಮ್ಮಾರು ದಡಕ್ಕನೆ ಇಳಿಯುತ್ತಾರೆ ಎಂದ. ಅದೂ ನಿಜವೇ. ಎದುರು ತೂಕ ಹೆಚ್ಚಾದರೆ ಮೇಲೆಯೇ ಉಳಿಯಬಹುದು, ಕಡಿಮೆಯಾದರೆ ಬೀಳಬಹುದು. ನಮ್ಮ ತಪ್ಪು ಒಳ್ಳೆಯ ಕಡೆಗೇ ಆಗಿತ್ತು, ಆದರೆ ಅವಳು ಮೇಲಿದ್ದಳು, ಗಲ್ಲಾ ಕೆಳಗಿತ್ತು.

ಮೊಬೈಲ್ ಅಂಗಡಿಯ ಹುಡುಗ ಮಳೆಗೆ ತಲೆಯೊಡ್ಡಿ ಮೇಲೆ ನೋಡಿದ. ಪಾಪ, ಅವನಿಗೆ ನಿಜವಾಗಿಯೂ ಸಂಕಟವಾಗಿತ್ತು.

"ಅಮ್ಮಾ, ಪರವಾಗಿಲ್ಲ, ನೀವು ಅಲ್ಲೇ ಇರಿ. ನಾನೇ ಮೇಲೆ ಬಂದು ಮಾತಾಡ್ತೀನಿ."

"ನೀನು ಮೇಲೆ ಬಂದ್ರೆ ಆ ಮಾತು ಬೇರೆಯಪ್ಪ" ಎಂದಳು ನನ್ನ ಹೆಂಡತಿ. "ನಾನು ಕೆಳಗೆ ಬಂದ್ರೆ ಆ ಮಾತು ಬೇರೆ. ಒಂದು ಗಳಿಗೆ ಅಲ್ಲೇ ನಿಂತಿರು."

ಅವಳ ಮಾತು ಅವಳ ಮೇಲೆಯೇ ಕೂತಿತ್ತು: ಇವತ್ತು ಇಳಿಯದಿದ್ದರೆ ಅಂಗಡಿ ಅವನದು. ನಾನು ಹಾರದ ಹೂವು ಸರಿಮಾಡಿದೆ, ಯಾಕೋ ಗೊತ್ತಿಲ್ಲ.

"ರೀ" ಎಂದಳು. "ಒಂದು ತಟ್ಟೆ ಭಾರ ಆದ್ರೆ ನೀವು ಅಂಗಡೀಲಿ ಏನು ಮಾಡ್ತಿದ್ರಿ?"

"ಇನ್ನೊಂದು ತಟ್ಟೆಗೆ ಹಾಕ್ತಿದ್ದೆ."

"ಏನು ಹಾಕ್ತಿದ್ರಿ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ಹೇಳಲು ಮನಸ್ಸಾಗಲಿಲ್ಲ. "ಬೆಲ್ಲದ ಪೆಂಟೆ ತರಲಾ?" ಎಂದೆ.

"ಬೆಲ್ಲ ಒಡೆದು ಒಡೆದು ತೂಕ ಮಾಡ್ತಾ ಕೂರೋಕೆ ಇದು ಸಂಕ್ರಾಂತಿಯಾ? ಬಟ್ಟು ತನ್ನಿ."

"ಪೂಜೆ ಮಾಡೋ ಬಟ್ಟು ಮಾರಾಯ್ತಿ. ಕಾಲ ಬುಡದಲ್ಲಿ ಇಡೋದಾ?"

"ಕಾಲ ಬುಡದಲ್ಲಿ ಯಾರು ಇಡಿ ಅಂದ್ರು? ಮಡಿಲಲ್ಲಿ ಇಟ್ಕೋತೀನಿ." ಆಮೇಲೆ ಧ್ವನಿ ತಗ್ಗಿಸಿದಳು. "ಆ ಬಟ್ಟುಗಳು ಅಂಗಡಿ ನಡೆಸೋಕೆ ಇರೋದಲ್ವೇನ್ರೀ? ಅಂಗಡಿಯೇ ಹೋದ ಮೇಲೆ ಅವಕ್ಕೆ ಎಣ್ಣೆ ಹಚ್ಚಿ ಏನು ಮಾಡ್ತೀರಿ?"

ನಾನು ಕೆಳಗೆ ಇಳಿದೆ. ಕಪಾಟಿನ ಮುಂದೆ ನಿಂತು ಕೈ ಮುಗಿದೆ. ಹತ್ತು ಕಿಲೋದ್ದು, ಐದರದ್ದು, ಎರಡರದ್ದು, ಒಂದರದ್ದು, ಅರ್ಧದ್ದು, ಅಳತೆಗೊಂದರಂತೆ ಒಂದೊಂದಾಗಿ ಮೇಲೆ ಸಾಗಿಸಿದೆ. ಆ ಕಡಿದಾದ ಮೆಟ್ಟಿಲನ್ನು ಅಷ್ಟು ಸಲ ಹತ್ತುವಾಗ ಕಟ್ಟಿಸಿದವನಿಗೆ ಮನಸ್ಸಿನಲ್ಲೇ ಎರಡು ಮಾತು ಅಂದೆ.

ಹತ್ತರ ಬಟ್ಟನ್ನು ಅವಳ ಪಕ್ಕದ ಸ್ಟೂಲಿನ ಮೇಲೆ ಬಟ್ಟೆ ಹಾಸಿ ಇಟ್ಟೆವು. ಅಗಳಿ ತೆಗೆದು ನೋಡಿದರೆ ಇನ್ನೂ ಬಿಗಿ. ಐದರದ್ದನ್ನು ಅವಳು ಸೆರಗು ಹರವಿ ಮಡಿಲಿಗೆ ತೆಗೆದುಕೊಂಡಳು. ಇನ್ನೂ ಬಿಗಿ. "ಮಳೆ ಚೆನ್ನಾಗಿಯೇ ಊಟ ಮಾಡಿಸಿದೆ ನಿಮ್ಮ ಮರಳಿಗೆ" ಎಂದಳು. ಎರಡರದ್ದು. ಅಗಳಿ ಸ್ವಲ್ಪ ಸಡಿಲ. ಒಂದರದ್ದು ಇಟ್ಟಾಗ ತೊಟ್ಟಿಲು ಒಮ್ಮೆ ತೂಗಿತು. ಅರ್ಧದ್ದನ್ನು ಅವಳು ಕೈಯಲ್ಲಿ ಹಿಡಿದಳು. ಅಗಳಿ ನನ್ನ ಬೆರಳಿಗೆ ತಾನಾಗಿ ಬಂತು.

ನಮ್ಮ ಅಂಗಡಿಯ ತಕ್ಕಡಿಯ ಮುಳ್ಳು ನಡುವಿಗೆ ಬಂದು ನಿಂತಾಗ ನನಗೆ ಆಗುತ್ತಿದ್ದ ಒಂದು ನಿರಾಳ ಇತ್ತು. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಅದು ಆಗಿರಲಿಲ್ಲ. ಅವತ್ತು ಆಯಿತು.

ಅವಳು ಎರಡು ಬೆರಳಿನಿಂದ ಹಗ್ಗ ಎಳೆದಳು. ತೊಟ್ಟಿಲು ಇಳಿಯಿತು. ಹುಲ್ಲು ಹುಟ್ಟಿದ ಚೀಲಗಳು ನೀರು ತೊಟ್ಟಿಕ್ಕುತ್ತಾ ಮೇಲೆ ಬಂದವು. ನಡುದಾರಿಯಲ್ಲಿ ಅವಳೂ ಅವೂ ಎದುರಾದಾಗ ಅವಳು ಕೈ ಚಾಚಿ ಆ ಚಿಗುರನ್ನು ಕಿತ್ತು ಹಾಕಿದಳು. ನಾನು ಮೆಟ್ಟಿಲಿನಿಂದ ಓಡಿ ಅವಳಿಗಿಂತ ಮೊದಲೇ ಕೆಳಗೆ ತಲುಪಿದೆ. ವೆಲ್ಡಿಂಗ್‌ನವನು ಅಗಳಿಗಳನ್ನೆಲ್ಲ ಹಾಕಿದ, ಎರಡೆರಡು ಸಲ ನೋಡಿದ. ಅವಳು ಇಳಿದ ಕೂಡಲೇ ತೊಟ್ಟಿಲು ಹಗುರಾಗಿ ಮೇಲೆ ಹಾರಬಾರದಲ್ಲ. ಅವಳು ಬಟ್ಟುಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಟ್ಟು, ಕೋಲು ಊರಿ, ಹಿಂಬಾಗಿಲಿನಿಂದ ಒಳಗೆ ನಡೆದಳು. ಗಲ್ಲಾದ ಹಿಂದೆ ಕೂತು ಒಂದು ಸಲ ಸುತ್ತ ನೋಡಿದಳು.

"ಎಲ್ಲ ಎಷ್ಟು ಚೆನ್ನಾಗಿ ಜೋಡಿಸಿದ್ದೀರಿ" ಎಂದಳು. "ಯಾರೂ ಬಂದೇ ಇಲ್ಲ ಅಂತ ಗೊತ್ತಾಗ್ತದೆ."

ಮೊಬೈಲ್ ಅಂಗಡಿಯ ಹುಡುಗ ಒದ್ದೆಯಾಗಿ ಮುಂದೆ ನಿಂತಿದ್ದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಮದುವೆ ಆಗಿದೆಯಾ?"

"ಆಗಿದೆ ಅಮ್ಮಾ. ಮಗು ಆರು ತಿಂಗಳು."

"ಆರು ತಿಂಗಳ ಮಗು ಇರೋನು ಈ ಮಳೆಯಲ್ಲಿ ಕೊಡೆ ಇಲ್ಲದೆ ತಿರುಗ್ತೀಯಾ? ಶೀತ ಹಿಡಿದ್ರೆ ಮಗುಗೆ ಹತ್ತಲ್ವಾ? ರೀ, ಆ ದೊಡ್ಡ ಕಪ್ಪು ಕೊಡೆ ಕೊಡಿ. ಮಗುಗೆ ರಾಗಿ ಸರಿ ಶುರು ಮಾಡಿದ್ದೀರಾ? ಇಲ್ವಾ? ರೀ, ಒಳ್ಳೆ ರಾಗಿ ಒಂದು ಕಿಲೋ."

ಅವನು ಕೊಡೆ, ರಾಗಿ, ಹೆಂಡತಿಗೆ ಬೆಲ್ಲ, ಬಸ್ ಸ್ಟ್ಯಾಂಡಿನ ತನಕ ಹೋಗಲು ಪ್ಲಾಸ್ಟಿಕ್ ಚೀಲ ಎಲ್ಲ ಹಿಡಿದುಕೊಂಡು ನಿಂತಾಗ ಅವನಿಗೇ ನಗು ಬಂತು. "ಅಂಗಡಿ ತಗೊಳ್ಳೋಕೆ ಬಂದೆ ಅಮ್ಮಾ."

"ಬೋಣಿ ಮಾಡಿದ್ದೀಯಲ್ಲಪ್ಪ, ಇನ್ನೇನು ಬೇಕು? ನಿನ್ನ ಕೈ ಒಳ್ಳೇದಿದೆ. ಪ್ರತಿ ಶ್ರಾವಣ ನೀನೇ ಬಂದು ಬೋಣಿ ಮಾಡು."

ಅವನು ಈಗ ಬಸ್ ಸ್ಟ್ಯಾಂಡಿನ ಆಚೆ ಅಂಗಡಿ ಮಾಡಿಕೊಂಡಿದ್ದಾನೆ. ಚೆನ್ನಾಗಿ ನಡೆಯುತ್ತಿದೆ. ರಾಗಿ ನಮ್ಮಲ್ಲೇ ಒಯ್ಯುತ್ತಾನೆ.

ಕರೆಂಟು ಬಂದ ದಿನ ವೆಲ್ಡಿಂಗ್‌ನವನು ಪಟ್ಟಿ ಕತ್ತರಿಸಿ ಮರಳನ್ನು ಹಿತ್ತಿಲ ಹೂವಿನ ಗಿಡಗಳಿಗೆ ಸುರಿದ. ಚೌಕಟ್ಟಿಗೆ ಬಾಗಿಲಿರುವ ಕಬ್ಬಿಣದ ಪೆಟ್ಟಿಗೆ ಮಾಡಿ, ಮೇಲೆ ತಗಡು ಮುಚ್ಚಿದ. ಒಳ್ಳೆಯ ವಾರ ನೋಡಿ, ಬಟ್ಟುಗಳಿಗೆಲ್ಲ ವಿಭೂತಿ ಹಚ್ಚಿ, ತೂಕ ಸಮ ಆಗುವಷ್ಟನ್ನು ನಾನೇ ಒಂದೊಂದಾಗಿ ಅದರೊಳಗೆ ಜೋಡಿಸಿದೆ, ದೊಡ್ಡವು ಕೆಳಗೆ, ಚಿಕ್ಕವು ಮೇಲೆ. ಕಬ್ಬಿಣ ಮಳೆ ಕುಡಿಯುವುದಿಲ್ಲ. ಕಳಸದ ದೇವಸ್ಥಾನಕ್ಕೆ ಅಕ್ಕಿ ಕೊಟ್ಟು ಬಂದೆ. ಎಷ್ಟು ಎಂದು ಅರ್ಚಕರಿಗೂ ಹೇಳಲಿಲ್ಲ.

ಶುಕ್ರವಾರದ ನನ್ನ ಕೆಲಸ ಈಗ ಕಪಾಟಿನ ಬದಲು ಹಿತ್ತಿಲಲ್ಲಿ ನಡೆಯುತ್ತದೆ. ಪೆಟ್ಟಿಗೆ ತೆರೆಯುತ್ತೇನೆ, ಎಣ್ಣೆ ಬಟ್ಟೆಯಲ್ಲಿ ಒರೆಸುತ್ತೇನೆ, ಮುಚ್ಚುತ್ತೇನೆ. ದೀಪಾವಳಿಯ ಹೋಳಿಗೆ, ಕಜ್ಜಾಯಗಳೆಲ್ಲ ಮುಗಿದ ವಾರ ತೊಟ್ಟಿಲು ಇಳಿಯುವಾಗ ಸ್ವಲ್ಪ ಅವಸರ ಮಾಡುತ್ತಿದೆ ಎನಿಸಿತು. ಶುಕ್ರವಾರ ಒರೆಸುವಾಗ ಕಪಾಟಿನಲ್ಲಿ ಉಳಿದಿದ್ದ ಒಂದು ಕಿಲೋದ ಬಟ್ಟನ್ನು ಸದ್ದಾಗದ ಹಾಗೆ ಒಳಗೆ ಸೇರಿಸಿದೆ.

ಸಂಜೆ ಅವಳು ಮೇಲೆ ಬರಲು ತೊಟ್ಟಿಲಿನಲ್ಲಿ ಕೂತಳು, ಎರಡು ಬೆರಳಲ್ಲಿ ಹಗ್ಗ ಎಳೆದಳು, ಅರ್ಧ ಗೇಣು ಏರಿ ನಿಂತಳು.

"ಎಷ್ಟು ಹಾಕಿದ್ರಿ?" ಎಂದಳು.

"ಎಣ್ಣೆಯಾ? ಯಾವಾಗ್ಲೂ ಹಾಕೋ ಅಷ್ಟೇ" ಎಂದೆ.